ತಾಯಿಯ ಪಡಿಯಚ್ಚು ಹೊತ್ತ ಬೀಜ

ಬಾದಾಮಿ ಮಾವಿನ ಹಣ್ಣು ತಿಂದು ಅದರ ಗೊರಟೆಯನ್ನು ಹಿತ್ತಲಲ್ಲಿ ಊರಿದರೆ ಗಿಡವೇನೋ ಏಳುತ್ತದೆ. ಹತ್ತು ವರ್ಷದ ಮೇಲೆ ಅದು ಬಿಡುವ ಹಣ್ಣು ಮಾತ್ರ ಬಾದಾಮಿಯಾಗಿರುವುದಿಲ್ಲ. ಹುಳಿಯಾಗಿರಬಹುದು, ನಾರುನಾರಾಗಿರಬಹುದು, ಅಪರೂಪಕ್ಕೆ ಸೊಗಸಾಗಿಯೂ ಇರಬಹುದು. ತಾಯಿಮರದ ಹಣ್ಣಿನಂತೆ ಇರುವುದಿಲ್ಲ. ಬಾದಾಮಿ, ರಸಪುರಿ, ಮಲೆನಾಡಿನ ಅಪ್ಪೆಮಿಡಿ ಇವನ್ನೆಲ್ಲ ಕಸಿ ಕಟ್ಟಿಯೇ ಉಳಿಸಿಕೊಂಡು ಬರಬೇಕಾಗಿರುವುದು ಈ ಕಾರಣಕ್ಕೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ಓಲೂರು, ಬಪ್ಪಕಾಯಿಯಂಥ ಮಾವಿನ ತಳಿಗಳ ರೀತಿಯೇ ಬೇರೆ. ಇವುಗಳ ಒಂದೇ ಗೊರಟೆಯಿಂದ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಮೊಳಕೆಗಳು ಹೊರಡುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚುಗಳು. ಆ ಮೊಳಕೆಗಳಲ್ಲಿ ತಂದೆಯ ಪಾಲು ಒಂದಿಷ್ಟೂ ಇಲ್ಲ. ಕಸಿಗೆ ಬುಡವಾಗಿ ಬಳಸಲು ಒಂದೇ ಸಮನಾದ ಗಿಡಗಳು ಬೇಕಾದಾಗ ತೋಟಗಾರಿಕೆಯವರು ಇಂಥ ತಳಿಗಳನ್ನೇ ಹುಡುಕುವುದುಂಟು.

ಗಂಡು ಹೆಣ್ಣಿನ ಕೂಡುವಿಕೆಯಿಲ್ಲದೆ ಬೀಜದೊಳಗೆ ಭ್ರೂಣ ಮೂಡುವ ಈ ಬಗೆಗೆ ಜರ್ಮನಿಯ ಹಾನ್ಸ್ ವಿಂಕ್ಲರ್ 1908ರಲ್ಲಿ ‘ಅಪೊಮಿಕ್ಸಿಸ್’ ಎಂಬ ಹೆಸರಿಟ್ಟ. ಬೆರೆಯದೆ ಹುಟ್ಟುವುದು ಎಂಬುದು ಅದರ ಭಾವ. ಕಿತ್ತಳೆ, ಮ್ಯಾಂಗೊಸ್ಟೀನ್, ನೇರಳೆ, ಡ್ಯಾಂಡೆಲಿಯನ್ ಹೂವು, ದನಗಳಿಗೆ ಹಾಕುವ ಗಿನಿ ಹುಲ್ಲು ಹೀಗೆ ಪರಸ್ಪರ ನಂಟಿಲ್ಲದ ಅನೇಕ ಗಿಡಗಳಲ್ಲಿ ಈ ಗುಣವಿದೆ. ಜಗತ್ತಿಗೆ ಅನ್ನ ಹಾಕುವ ಭತ್ತ, ಗೋಧಿ, ಮೆಕ್ಕೆಜೋಳಗಳಲ್ಲಿ ಮಾತ್ರ ಇಲ್ಲ. ಈ ಗುಣವನ್ನು ಅವುಗಳಿಗೆ ತರಬೇಕೆಂಬುದು ಸಸ್ಯವಿಜ್ಞಾನದ ಹಳೆಯ ಕನಸು. ಕಳೆದ ಹದಿನೈದು ವರ್ಷಗಳಲ್ಲಿ ಅದು ಪ್ರಯೋಗಾಲಯದ ಭತ್ತದಲ್ಲಿ ನನಸಾಗಿದೆ. ಸಸ್ಯಗಳ ಸಂತಾನೋತ್ಪತ್ತಿಯನ್ನು ಕುರಿತ ಸಮ್ಮೇಳನಗಳಲ್ಲಿ ಇಂದು ಅತ್ಯಂತ ಕುತೂಹಲದಿಂದ ಚರ್ಚೆಯಾಗುವ ವಿಷಯಗಳಲ್ಲಿ ಇದೂ ಒಂದು.

ಇದರ ಬೆಲೆ ತಿಳಿಯಬೇಕಾದರೆ ಸಾಮಾನ್ಯ ಬೀಜ ಹೇಗೆ ಕಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. ಹೂವಿನ ಅಂಡಾಶಯದೊಳಗೆ ಅಂಡಕಗಳಿರುತ್ತವೆ. ಮುಂದೆ ಬೀಜವಾಗುವುದು ಇವೇ. ಪ್ರತಿ ಅಂಡಕದ ನಡುವೆ ಒಂದು ಜೀವಕೋಶ ಮಿಯಾಸಿಸ್ ಎಂಬ ವಿಶೇಷ ವಿಭಜನೆಗೆ ಒಳಗಾಗುತ್ತದೆ. ಆ ಗಿಡಕ್ಕೆ ತಂದೆಯಿಂದ ಬಂದ ವರ್ಣತಂತುಗಳೂ ತಾಯಿಯಿಂದ ಬಂದ ವರ್ಣತಂತುಗಳೂ ಅಲ್ಲಿ ಜೋಡಿಯಾಗಿ ನಿಂತು, ತುಂಡುತುಂಡುಗಳನ್ನು ಅದಲುಬದಲು ಮಾಡಿಕೊಂಡು, ಮತ್ತೆ ಬೇರೆಯಾಗುತ್ತವೆ. ಹೀಗೆ ಉಂಟಾದ ಅಂಡಕೋಶದಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿದಿರುತ್ತದೆ. ಪರಾಗದಲ್ಲೂ ಹೀಗೆಯೇ. ಪರಾಗದ ಕಣ ಶಲಾಕೆಯ ಮೇಲೆ ಬಿದ್ದು ನಾಳ ಚಾಚಿದಾಗ ಎರಡು ಗಂಡುಕೋಶಗಳು ಒಳಗೆ ಇಳಿಯುತ್ತವೆ. ಒಂದು ಅಂಡಕೋಶವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಪಕ್ಕದ ಕೇಂದ್ರಕೋಶವನ್ನು ಕೂಡಿ ಭ್ರೂಣಕ್ಕೆ ಆಹಾರವಾಗುವ ಭಾಗವನ್ನು ಬೆಳೆಸುತ್ತದೆ. ಈ ಇಮ್ಮಡಿ ನಿಷೇಚನವನ್ನು 1898ರಲ್ಲಿ ಕೀವ್‌ನಲ್ಲಿದ್ದ ಸೆರ್ಗೆ ನವಾಶಿನ್ ಲಿಲ್ಲಿ ಹೂವುಗಳಲ್ಲಿ ಕಂಡುಹಿಡಿದ. ನಾವು ಉಣ್ಣುವ ಅಕ್ಕಿಯ ಬಹುಪಾಲು ಎರಡನೆಯ ಕೂಡುವಿಕೆಯ ಫಲ. ಭ್ರೂಣವೆಂಬುದು ಅಕ್ಕಿಕಾಳಿನ ಮೂತಿಯಲ್ಲಿರುವ ಚಿಕ್ಕ ಕಣ ಮಾತ್ರ.

ಮಿಯಾಸಿಸ್ ಮಾಡುವ ಕಲಸುಮೇಲೋಗರ ಎಷ್ಟೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಭತ್ತಕ್ಕೆ 12 ಜೊತೆ ವರ್ಣತಂತುಗಳು. ತುಂಡುಗಳ ಅದಲುಬದಲನ್ನು ಬದಿಗಿಟ್ಟು, ಪ್ರತಿ ಜೊತೆಯಿಂದ ಯಾವುದಾದರೂ ಒಂದು ಅಂಡಕೋಶಕ್ಕೆ ಹೋಗುತ್ತದೆ ಎಂದಷ್ಟೇ ಎಣಿಸಿದರೂ 4096 ಬಗೆಯ ಅಂಡಕೋಶಗಳು ಸಾಧ್ಯ. ಪರಾಗದ ಕಡೆಯೂ ಅಷ್ಟೇ. ತುಂಡುಗಳ ವಿನಿಮಯವನ್ನೂ ಸೇರಿಸಿದರೆ ಒಂದು ಕಾಳು ಇನ್ನೊಂದು ಕಾಳಿನಂತೆ ಇರುವ ಸಂಭವವೇ ಇಲ್ಲ. ವಿಕಾಸಕ್ಕೆ ಇದು ಬೇಕೇ ಬೇಕು. ರೋಗ ಬಂದಾಗ, ಮಳೆ ಕೈಕೊಟ್ಟಾಗ ಸಾವಿರದಲ್ಲಿ ಒಂದಾದರೂ ಬದುಕುಳಿಯಬೇಕಾದರೆ ಸಾವಿರವೂ ಬೇರೆಬೇರೆಯಾಗಿರಬೇಕು. ಹೈಬ್ರಿಡ್ ಬೆಳೆಯುವ ರೈತನಿಗೆ ಮಾತ್ರ ಇದೇ ದೊಡ್ಡ ತೊಡಕು.

ಎರಡು ಶುದ್ಧ ತಳಿಗಳನ್ನು ಕೂಡಿಸಿದಾಗ ಹುಟ್ಟುವ ಮೊದಲ ತಲೆಮಾರು ತಂದೆತಾಯಿಗಳಿಬ್ಬರನ್ನೂ ಮೀರಿ ಸೊಂಪಾಗಿ ಬೆಳೆಯುವುದುಂಟು. ಇದಕ್ಕೆ ಸಂಕರ ಹುರುಪು ಎಂದು ಹೆಸರು. ಹೈಬ್ರಿಡ್ ಭತ್ತದ ಇಳುವರಿ ಸಾಮಾನ್ಯ ತಳಿಗಳಿಗಿಂತ 15ರಿಂದ 20 ಪ್ರತಿಶತ ಹೆಚ್ಚು ಎಂಬುದು ವಾಡಿಕೆಯ ಅಂದಾಜು. ಆ ಹುರುಪು ಒಂದೇ ತಲೆಮಾರಿನದು. ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಕಾಳನ್ನು ಮರುವರ್ಷ ಬಿತ್ತಿದರೆ ಮಿಯಾಸಿಸ್ ಜೋಡಣೆಯನ್ನು ಬಿಚ್ಚಿಹಾಕಿರುತ್ತದೆ. ಗದ್ದೆಯಲ್ಲಿ ಒಂದು ಪೈರು ಎತ್ತರ, ಇನ್ನೊಂದು ಗಿಡ್ಡ. ಒಂದು ತೆನೆ ಬೇಗ ಮಾಗುತ್ತದೆ, ಇನ್ನೊಂದು ತಡವಾಗಿ. ಇಳುವರಿಯೂ ಕುಸಿಯುತ್ತದೆ. ಹಾಗಾಗಿ ಪ್ರತಿ ಹಂಗಾಮಿಗೂ ಬೀಜದಂಗಡಿಗೆ ಹೋಗಲೇಬೇಕು.

ಅಂಗಡಿಯ ಬೀಜ ದುಬಾರಿಯಾಗಿರುವುದಕ್ಕೂ ಕಾರಣವಿದೆ. ಭತ್ತದ ಒಂದೊಂದು ಹೂವಿನಲ್ಲೂ ಗಂಡು ಹೆಣ್ಣು ಎರಡೂ ಇವೆ. ಹೂವು ಅರಳುವ ಹೊತ್ತಿಗೆ ತನ್ನ ಪರಾಗವನ್ನು ತಾನೇ ಉದುರಿಸಿಕೊಂಡುಬಿಡುತ್ತದೆ. ಕೋಟ್ಯಂತರ ಹೂವುಗಳ ಕೇಸರಗಳನ್ನು ಕೈಯಿಂದ ಕೀಳುವುದು ಆಗದ ಮಾತು. ಚೀನಾದ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ 1970ರಲ್ಲಿ ಹೈನಾನ್ ದ್ವೀಪದಲ್ಲಿ ಪರಾಗ ಬಂಜೆಯಾದ ಕಾಡುಭತ್ತದ ಗಿಡವೊಂದು ಸಿಕ್ಕಿದ ಮೇಲೆಯೇ ದಾರಿ ತೆರೆದದ್ದು. ಆ ಗುಣವನ್ನು ತಾಯಿ ತಳಿಗೆ ತಂದು, ಅದನ್ನು ಉಳಿಸಿಕೊಳ್ಳಲು ಇನ್ನೊಂದು ತಳಿ ಇಟ್ಟುಕೊಂಡು, ಹೈಬ್ರಿಡ್ಡಿನಲ್ಲಿ ಪರಾಗ ಮತ್ತೆ ಚಿಗುರುವಂತೆ ಮಾಡುವ ಮೂರನೆಯದೊಂದನ್ನು ತಂದೆಯಾಗಿ ಬಳಸಬೇಕು. ಮಂಡ್ಯದಿಂದ 1996ರಲ್ಲಿ ಬಿಡುಗಡೆಯಾದ ಹೈಬ್ರಿಡ್ ಭತ್ತ ಕೆಆರ್‌ಎಚ್-2 ಕೂಡ ಹೀಗೆ ಹುಟ್ಟಿದ್ದು. ಅದರ ತಾಯಿ ಪರಾಗವಿಲ್ಲದ ಐಆರ್ 58025ಎ, ತಂದೆ ಮಂಡ್ಯದಲ್ಲೇ ರೂಪುಗೊಂಡ ಕೆಎಂಆರ್-3. ಬೀಜೋತ್ಪಾದನೆಯ ಗದ್ದೆಯಲ್ಲಿ ತಾಯಿಸಾಲು ತಂದೆಸಾಲುಗಳನ್ನು ಬೇರೆಬೇರೆ ನೆಟ್ಟು, ಎರಡೂ ಒಟ್ಟಿಗೆ ಹೂ ಬಿಡುವಂತೆ ನಾಟಿಯ ದಿನಗಳನ್ನು ಹಿಂದುಮುಂದು ಮಾಡಿ, ತೆನೆ ಎಲೆಯ ಕವಚದಿಂದ ಪೂರ್ತಿ ಹೊರಬರಲೆಂದು ಜಿಬ್ಬರೆಲಿನ್ ಸಿಂಪಡಿಸಿ, ಬೆಳಗಿನ ಹೊತ್ತು ಹೂ ಅರಳಿದಾಗ ಹಗ್ಗವನ್ನೋ ಕೋಲನ್ನೋ ಪೈರಿನ ಮೇಲೆ ಎಳೆದು ಪರಾಗ ಹಾರಿಸುತ್ತಾರೆ. ಹತ್ತಿಯ ಕತೆ ಇನ್ನೂ ಕಷ್ಟದ್ದು. ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿಯ ಬೀಜಕ್ಕಾಗಿ ಒಂದೊಂದು ಮೊಗ್ಗನ್ನೂ ಬಿಡಿಸಿ, ಕೇಸರ ತೆಗೆದು, ಮರುದಿನ ಬೇರೆ ಹೂವಿನ ಪರಾಗ ಮುಟ್ಟಿಸಬೇಕಿತ್ತು. ಹೈಬ್ರಿಡ್ ಹತ್ತಿಯ ಹೊಲಗಳಲ್ಲಿ ಆ ದುಡಿಮೆಯನ್ನು ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರು, ಎಳೆಯ ಹುಡುಗಿಯರು. ಹೈಬ್ರಿಡ್ ಬೀಜದ ಬೆಲೆಯಲ್ಲಿ ಇಂಥ ಸಾವಿರಾರು ಕೈಗಳ ಕೆಲಸವೂ ಸೇರಿದೆ.

ಹೈಬ್ರಿಡ್ ಗಿಡವೊಂದು ಓಲೂರು ಮಾವಿನಂತೆ ತನ್ನ ಪಡಿಯಚ್ಚನ್ನೇ ಬೀಜದಲ್ಲಿ ಇಟ್ಟುಕೊಟ್ಟರೆ ಇಷ್ಟೆಲ್ಲ ಪಾಡು ಒಮ್ಮೆ ಪಟ್ಟರೆ ಸಾಕು. ಆಮೇಲೆ ರೈತ ತನ್ನ ಬೆಳೆಯಿಂದಲೇ ಬೀಜ ತೆಗೆದಿಟ್ಟುಕೊಳ್ಳಬಹುದು.

ಇಂಥ ಬೀಜಗಳ ಇರವು ತಿಳಿದು ಮುನ್ನೂರು ವರ್ಷಗಳಾದವು. ಕಿತ್ತಳೆಯ ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದನ್ನು 1719ರಲ್ಲಿಯೇ ಸೂಕ್ಷ್ಮದರ್ಶಕತಜ್ಞ ಲೇವನ್‌ಹುಕ್ ಗುರುತಿಸಿದ್ದ. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಆಸ್ಟ್ರೇಲಿಯಾದಿಂದ ಬಂದ ಒಂದು ಜಾತಿಯ ಪೊದೆಗಳೆಲ್ಲ ಹೆಣ್ಣು ಗಿಡಗಳೇ ಆಗಿದ್ದವು. ಸುತ್ತಮುತ್ತ ಗಂಡು ಗಿಡವೇ ಇಲ್ಲದಿದ್ದರೂ ಅವು ಬೀಜ ಕಟ್ಟಿದವು. ಉದ್ಯಾನವನ್ನು ನೋಡಿಕೊಳ್ಳುತ್ತಿದ್ದ ಜಾನ್ ಸ್ಮಿತ್ 1841ರಲ್ಲಿ ಅದನ್ನು ಪ್ರಕಟಿಸಿದಾಗ ಬಹಳ ಮಂದಿ ನಂಬಲಿಲ್ಲ. ಇನ್ನೊಬ್ಬನಿಗೆ ಈ ಗುಣ ಕೊಟ್ಟ ಪೆಟ್ಟು ಮರೆಯುವಂಥದಲ್ಲ. ಬಟಾಣಿಯಲ್ಲಿ ಆನುವಂಶಿಕತೆಯ ನಿಯಮಗಳನ್ನು ಕಂಡ ಗ್ರೆಗರ್ ಮೆಂಡಲ್, ಅವನ್ನು ಇನ್ನೊಂದು ಗಿಡದಲ್ಲಿ ಪರೀಕ್ಷಿಸಲು ಹೈರೇಸಿಯಂ ಎಂಬ ಹಳದಿ ಹೂವಿನ ಕಳೆಯನ್ನು ಆರಿಸಿಕೊಂಡ. ಅದರ ಚಿಕ್ಕ ಹೂಗಳೊಂದಿಗೆ ವರ್ಷಗಟ್ಟಲೆ ಕಣ್ಣು ಸೋಲುವಷ್ಟು ಹೆಣಗಿದ. ಬಟಾಣಿಯಂತೆ ಎರಡನೆಯ ತಲೆಮಾರಿನಲ್ಲಿ ಗುಣಗಳು ಒಡೆದು ಬೇರೆಯಾಗುವ ಬದಲು ಹೈರೇಸಿಯಂ ಮರಿಗಳು ತಾಯಿಯಂತೆಯೇ ಉಳಿದವು. ಅವು ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತಿದ್ದವು ಎಂಬುದು ಮೆಂಡಲ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಅವನು ತೀರಿಕೊಂಡು ಹತ್ತೊಂಬತ್ತು ವರ್ಷಗಳ ಮೇಲೆ, 1903ರಲ್ಲಿ, ಡೆನ್ಮಾರ್ಕ್‌ನ ಓಸ್ಟೆನ್‌ಫೆಲ್ಡ್ ಮತ್ತು ರೌಂಕಿಯೆರ್ ಮೊಗ್ಗಿನ ತುದಿಯನ್ನು ಕೇಸರ ಶಲಾಕೆಗಳ ಸಮೇತ ಹರಿತವಾಗಿ ಕತ್ತರಿಸಿ ತೆಗೆದರೂ ಬೀಜ ಕಟ್ಟುವುದನ್ನು ತೋರಿಸಿದರು.

ಭ್ರೂಣಶಾಸ್ತ್ರದ ಈ ಕೆಲಸದಲ್ಲಿ ಕನ್ನಡಿಗರೊಬ್ಬರ ಹೆಸರೂ ಇದೆ. ‘ಹಸುರು ಹೊನ್ನು’ ಬರೆದ ಬಿ. ಜಿ. ಎಲ್. ಸ್ವಾಮಿಯವರನ್ನು ಕನ್ನಡ ಓದುಗರು ಲೇಖಕರಾಗಿ ಬಲ್ಲರು. ಸಸ್ಯವಿಜ್ಞಾನಿಗಳಿಗೆ ಅವರು ಆರ್ಕಿಡ್‌ಗಳ ಭ್ರೂಣ ಬೆಳವಣಿಗೆಯನ್ನು ಬಿಡಿಸಿ ತೋರಿಸಿದವರು. ಸ್ಪೈರಾಂಥಿಸ್ ಸರ್ನುವಾ ಎಂಬ ಉತ್ತರ ಅಮೆರಿಕದ ಆರ್ಕಿಡ್ ನಿಷೇಚನವಿಲ್ಲದೆ ಬೀಜ ಕಟ್ಟುವ ಬಗೆಯನ್ನು ಅವರು 1948ರಲ್ಲಿ ಪ್ರಕಟಿಸಿದರು. ತೆಳುವಾಗಿ ಕೊಯ್ದ ಅಂಡಕದ ಹಾಳೆಗಳನ್ನು ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡುವ ಆ ತಾಳ್ಮೆಯ ವಿದ್ಯೆ ಇಲ್ಲದಿದ್ದರೆ ಇಂದಿನ ಜೀನ್ ತಜ್ಞರಿಗೆ ಎಲ್ಲಿ ಕೈಹಾಕಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಆ ನೋಟದಿಂದ ತಿಳಿದುಬಂದದ್ದು, ಗಿಡಗಳು ಒಂದೇ ದಾರಿ ಹಿಡಿದಿಲ್ಲ ಎಂಬುದು. ಮಾವು, ಕಿತ್ತಳೆಗಳಲ್ಲಿ ಅಂಡಕದ ಒಡಲಿನ ಸಾಮಾನ್ಯ ಜೀವಕೋಶಗಳೇ ಭ್ರೂಣಗಳಾಗಿ ಮೊಳೆಯುತ್ತವೆ. ಪಕ್ಕದಲ್ಲಿ ನಿಜವಾದ ನಿಷೇಚನದ ಭ್ರೂಣವೂ ಇರಬಹುದು, ಅನೇಕ ವೇಳೆ ಅದು ಈ ಗುಂಪಿನ ನಡುವೆ ಸೊರಗಿಹೋಗುತ್ತದೆ. ಕೊಡಗಿನ ಕಿತ್ತಳೆಯನ್ನು ಬೀಜ ಹಾಕಿ ಬೆಳೆಸಿದರೂ ತಳಿ ಕೆಡದೆ ಉಳಿದದ್ದು ಈ ಗುಣದಿಂದ. ಅದೇ ಕುಲದ ಚಕ್ಕೋತದಲ್ಲಿ ಒಂದು ಬೀಜಕ್ಕೆ ಒಂದೇ ಭ್ರೂಣ, ಅದೂ ನಿಷೇಚನದ್ದು. ಹಾಗಾಗಿ ಅದರ ಬೀಜದ ಗಿಡಗಳು ಒಂದೊಂದೂ ಒಂದೊಂದು ಬಗೆ. ಡ್ಯಾಂಡೆಲಿಯನ್, ಹುಲ್ಲುಗಳ ದಾರಿ ಇದಕ್ಕಿಂತ ಬೇರೆ. ಅಲ್ಲಿ ಮಿಯಾಸಿಸ್ ಆಗದ ಇಲ್ಲವೇ ಅರ್ಧಕ್ಕೆ ಕೆಟ್ಟ ಅಂಡಕೋಶ ತಾಯಿಯ ಪೂರ್ತಿ ವರ್ಣತಂತುಗಳನ್ನು ಹೊತ್ತು, ಗಂಡುಕೋಶಕ್ಕಾಗಿ ಕಾಯದೆ ತಾನೇ ಭ್ರೂಣವಾಗುತ್ತದೆ. ಭತ್ತದಲ್ಲಿ ನಕಲು ಮಾಡಲು ಹೊರಟದ್ದು ಈ ಎರಡನೆಯ ದಾರಿಯನ್ನು. ಅದಕ್ಕೆ ಎರಡು ಕೆಲಸಗಳು ಆಗಬೇಕು: ಮಿಯಾಸಿಸ್ ತಪ್ಪಬೇಕು, ಮತ್ತು ನಿಷೇಚನವಿಲ್ಲದೆ ಅಂಡ ಮೊಳೆಯಬೇಕು.

ಮೊದಮೊದಲು ತಳಿವಿಜ್ಞಾನಿಗಳು ಕಾಡು ನೆಂಟರಿಂದ ಈ ಗುಣವನ್ನು ಎರವಲು ತರಲು ನೋಡಿದರು. ಮೆಕ್ಕೆಜೋಳವನ್ನು ಟ್ರಿಪ್ಸಾಕಮ್ ಎಂಬ ಹುಲ್ಲಿನೊಂದಿಗೆ, ಸಜ್ಜೆಯನ್ನು ಪೆನ್ನಿಸೆಟಮ್ ಸ್ಕ್ವಾಮುಲೇಟಮ್ ಎಂಬ ಆಫ್ರಿಕದ ಕಾಡುಹುಲ್ಲಿನೊಂದಿಗೆ ಕೂಡಿಸಿ ದಶಕಗಟ್ಟಲೆ ದುಡಿದರು. ಹೊಲಕ್ಕೆ ಇಳಿಯುವಂಥ ತಳಿ ಬರಲಿಲ್ಲ. ಆ ಗುಣದ ಜೀನುಗಳು ವರ್ಣತಂತುವಿನ ಒಂದು ದೊಡ್ಡ ಹಟಮಾರಿ ತುಂಡಿನೊಳಗೆ ಹುದುಗಿದ್ದು, ಅದು ತನ್ನ ಜೋಡಿಯೊಂದಿಗೆ ವಿನಿಮಯಕ್ಕೇ ಒಪ್ಪುವುದಿಲ್ಲ. ಒಳ್ಳೆಯದನ್ನು ತರಹೋದರೆ ಬೇಡದ್ದೆಲ್ಲ ಜೊತೆಗೇ ಬರುತ್ತದೆ.

ಎರವಲು ಸಿಗದಿದ್ದಾಗ, ಭತ್ತದ ಒಳಗಿರುವ ಸಾಮಾನನ್ನೇ ತಿರುಗಿಸಿ ಜೋಡಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿತು. ಮೊದಲ ಹೆಜ್ಜೆ ಸಾಸಿವೆಯ ನೆಂಟ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ಇಮ್ರಾನ್ ಸಿದ್ದಿಕಿ ಅವರ ತಂಡ ಡಯಾಡ್ ಎಂಬ ಒಂದೇ ಜೀನ್ ಕೆಟ್ಟರೆ ಕೆಲವು ಅಂಡಕೋಶಗಳು ಮಿಯಾಸಿಸ್ ಇಲ್ಲದೆ, ತಾಯಿಯ ಪೂರ್ತಿ ಆಸ್ತಿಯೊಂದಿಗೆ ರೂಪುಗೊಳ್ಳುವುದನ್ನು 2008ರಲ್ಲಿ ತೋರಿಸಿತು. ಒಂದು ಜೀನಿನಿಂದ ಇಷ್ಟು ದೂರ ಹೋಗಬಹುದೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ. ಮರುವರ್ಷ ಫ್ರಾನ್ಸಿನಲ್ಲಿ ರಫಾಯೆಲ್ ಮರ್ಸಿಯೆ ಮತ್ತು ಸಂಗಡಿಗರು ಮೂರು ಜೀನುಗಳನ್ನು ಒಟ್ಟಿಗೆ ನಿಲ್ಲಿಸಿ ಮಿಯಾಸಿಸನ್ನು ಸಾಮಾನ್ಯ ವಿಭಜನೆಯಾಗಿ ಬದಲಿಸಿಬಿಟ್ಟರು. ಈ ಮೂರು ಜೀನುಗಳ ಕೆಲಸವನ್ನು ಬಿಡಿಯಾಗಿ ನೋಡುವುದು ಒಳ್ಳೆಯದು. ಒಂದು ಜೀನ್ ವರ್ಣತಂತುಗಳ ಎಳೆಯನ್ನು ಕತ್ತರಿಸಿ ತುಂಡುಗಳ ವಿನಿಮಯಕ್ಕೆ ನಾಂದಿ ಹಾಕುತ್ತದೆ; ಅದು ನಿಂತರೆ ಅದಲುಬದಲು ಇಲ್ಲ. ಎರಡನೆಯದು ಒಂದು ವರ್ಣತಂತುವಿನ ಎರಡು ಪ್ರತಿಗಳನ್ನು ಮೊದಲ ವಿಭಜನೆ ಮುಗಿಯುವವರೆಗೆ ಕಟ್ಟಿಹಿಡಿಯುವ ಅಂಟು. ಅದು ಇಲ್ಲದಿದ್ದರೆ ಪ್ರತಿಗಳು ಮೊದಲೇ ಬೇರೆಯಾಗಿ ಎರಡು ಕೋಶಗಳಿಗೂ ಪೂರ್ತಿ ಪಾಲು ಸಿಗುತ್ತದೆ. ಮೂರನೆಯದು ಕೋಶವನ್ನು ಎರಡನೆಯ ವಿಭಜನೆಗೆ ತಳ್ಳುತ್ತದೆ. ಅದನ್ನು ತೆಗೆದರೆ ಆಟ ಮೊದಲ ಸುತ್ತಿಗೇ ಮುಗಿಯುತ್ತದೆ. ಮೂರನ್ನೂ ನಿಲ್ಲಿಸಿದ ಗಿಡಕ್ಕೆ ‘ಮೈಮಿ’ ಎಂಬ ಅಡ್ಡಹೆಸರು. ಅದರ ಅಂಡಕೋಶವೂ ಪರಾಗವೂ ಆ ಗಿಡದ ಪಡಿಯಚ್ಚೇ.

ಅಷ್ಟಕ್ಕೇ ನಿಂತರೆ ಅನಾಹುತ. ಪೂರ್ತಿ ಅಂಡಕ್ಕೆ ಪೂರ್ತಿ ಪರಾಗ ಕೂಡಿದರೆ ಮರಿಯಲ್ಲಿ ವರ್ಣತಂತುಗಳು ಇಮ್ಮಡಿ, ಅದರ ಮರಿಯಲ್ಲಿ ಮತ್ತೆ ಇಮ್ಮಡಿ. ಅಂಡಕೋಶ ಪರಾಗವನ್ನು ಕೂಡದೆಯೇ ಮೊಳೆಯುವಂತೆ ಮಾಡಲೇಬೇಕು. ಹೈದರಾಬಾದ್, ಫ್ರಾನ್ಸ್ ಮತ್ತು ಅಮೆರಿಕದ ಡೇವಿಸ್‌ನ ವಿಜ್ಞಾನಿಗಳು ಕೂಡಿ 2011ರಲ್ಲಿ ಒಂದು ಜಾಣ ಉಪಾಯ ಮಾಡಿದರು: ನಿಷೇಚನದ ನಂತರ ತನ್ನ ವರ್ಣತಂತುಗಳನ್ನು ತಾನೇ ಕಳೆದುಕೊಳ್ಳುವ ವಿಶೇಷ ಗಿಡದೊಂದಿಗೆ ಇಂಥ ಗಿಡಗಳನ್ನು ಕೂಡಿಸಿದರು. ಹುಟ್ಟಿದ ಬೀಜಗಳಲ್ಲಿ ಮೂರನೇ ಒಂದರಷ್ಟರವರೆಗೂ ಪಡಿಯಚ್ಚುಗಳು ಸಿಕ್ಕವು. ಬೀಜದ ಮೂಲಕ ತದ್ರೂಪು ಸೃಷ್ಟಿಸಬಹುದೆಂದು ಅಂದು ರುಜುವಾಯಿತು. ಆದರೂ ಪ್ರತಿ ಸಲ ಎರಡು ಗಿಡಗಳನ್ನು ಕೂಡಿಸಲೇಬೇಕಿತ್ತು. ರೈತನ ಗದ್ದೆಯಲ್ಲಿ ಅದು ನಡೆಯುವ ಮಾತಲ್ಲ.

ಬಾಗಿಲು ತೆರೆದದ್ದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೆಂಕಟೇಶನ್ ಸುಂದರೇಶನ್, ಇಮ್ತಿಯಾಜ್ ಖಾಂಡೆ ಮತ್ತು ಸಂಗಡಿಗರಿಗೆ. ಅವರು ಕೇಳಿಕೊಂಡ ಪ್ರಶ್ನೆ ಮೂಲಭೂತವಾದದ್ದು: ಅಂಡಕೋಶ ಗಂಡುಕೋಶಕ್ಕಾಗಿ ಏಕೆ ಕಾಯುತ್ತದೆ? ಗಂಡುಕೋಶ ತಂದುಕೊಡುವುದು ವರ್ಣತಂತುಗಳನ್ನಷ್ಟೇ ಅಲ್ಲ, ಭ್ರೂಣವನ್ನು ಹೊರಡಿಸುವ ಒಂದು ಅಪ್ಪಣೆಯನ್ನೂ ತರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ‘ಬೇಬಿ ಬೂಮ್’ ಎಂಬ ಜೀನ್ 2002ರಲ್ಲಿಯೇ ಎಣ್ಣೆಸಾಸಿವೆಯ ಜಾತಿಯ ಗಿಡದಲ್ಲಿ ಸಿಕ್ಕಿತ್ತು. ಎಲೆಯ ಮೇಲೂ ಭ್ರೂಣ ಮೂಡಿಸಬಲ್ಲ ಜೀನ್ ಅದು. ಭತ್ತದ ಅಂಡಕೋಶದಲ್ಲಿ ಇದು ಮೌನವಾಗಿರುತ್ತದೆ. ನಿಷೇಚನವಾದ ಗಳಿಗೆಯಲ್ಲಿ ತಂದೆಯ ಕಡೆಯಿಂದ ಬಂದ ಪ್ರತಿ ಮಾತ್ರ ಮಾತಾಡತೊಡಗುತ್ತದೆ. ಆ ಅಪ್ಪಣೆಯನ್ನು ಅಂಡಕೋಶವೇ ಕೊಡುವಂತೆ, ಅಂಡಕೋಶದಲ್ಲಿ ಮಾತ್ರ ಕೆಲಸ ಮಾಡುವ ಒಂದು ಗುಂಡಿಯನ್ನು ಆ ಜೀನಿನ ಮುಂದೆ ಜೋಡಿಸಿದಾಗ, ಗಂಡುಕೋಶ ಕೂಡದೆಯೇ ಭ್ರೂಣ ಮೊಳೆಯಿತು. ಅದೇ ಗಿಡದಲ್ಲಿ ಮೈಮಿಯನ್ನೂ ಸೇರಿಸಿದರು. ಭತ್ತದ ಮೊದಲ ಪಡಿಯಚ್ಚು ಬೀಜಗಳು ಹುಟ್ಟಿದವು. ಅದು ಪ್ರಕಟವಾದದ್ದು 2019ರ ಆರಂಭದಲ್ಲಿ. ಅದೇ ಹೊತ್ತಿಗೆ ಚೀನಾದ ಹಾಂಗ್‌ಝೌನಲ್ಲಿ ವಾಂಗ್ ಕೆಜಿಯಾನ್ ಅವರ ತಂಡ ಇನ್ನೊಂದು ದಾರಿಯಲ್ಲಿ, ಜೀನ್ ತಿದ್ದುವ ಕ್ರಿಸ್ಪರ್ ಕತ್ತರಿಯಿಂದ ನಾಲ್ಕು ಜೀನುಗಳನ್ನು ಕೆಡಿಸಿ, ಹೈಬ್ರಿಡ್ ಭತ್ತದಲ್ಲೇ ಪಡಿಯಚ್ಚು ಪಡೆಯಿತು. ಆದರೆ ಅಲ್ಲಿ ಕಾಳು ಕಟ್ಟುವುದೇ ತೀರಾ ಕಡಿಮೆಯಾಗಿತ್ತು, ಕಟ್ಟಿದ ಕಾಳುಗಳಲ್ಲೂ ಪಡಿಯಚ್ಚುಗಳು ಕೆಲವೇ.

ಕಾಳು ತುಂಬುವ ಬಗ್ಗೆ ಒಂದು ಸೂಕ್ಷ್ಮವಿದೆ. ಭ್ರೂಣಕ್ಕೆ ಗಂಡುಕೋಶ ಬೇಡವಾದರೂ ಹಿಟ್ಟಿನ ಭಾಗಕ್ಕೆ ಬೇಕು. ಸುಂದರೇಶನ್ ತಂಡದ ಗಿಡದಲ್ಲಿ ಕೇಂದ್ರಕೋಶ ಎಂದಿನಂತೆ ಗಂಡುಕೋಶವನ್ನು ಕೂಡುತ್ತದೆ. ಹಿಟ್ಟಿನ ಭಾಗದಲ್ಲಿ ತಾಯಿಯ ಪಾಲು ಎರಡಕ್ಕೆ ತಂದೆಯ ಪಾಲು ಒಂದು ಎಂಬ ಹದ ತಪ್ಪಿದರೆ ಕಾಳು ಜಳ್ಳಾಗುತ್ತದೆ. ಮೈಮಿ ಗಿಡದಲ್ಲಿ ಅಂಡದ ಕಡೆಯೂ ಪರಾಗದ ಕಡೆಯೂ ಒಟ್ಟಿಗೆ ಇಮ್ಮಡಿಯಾಗಿರುವುದರಿಂದ ಎರಡಕ್ಕೆ ಒಂದರ ಹದ ಹಾಗೇ ಉಳಿಯುತ್ತದೆ. ಅನ್ನದ ಬೆಳೆಯಲ್ಲಿ ಈ ಉಪಾಯ ಫಲಿಸಲು ಇದು ದೊಡ್ಡ ಕಾರಣ.

ಮುಂದಿನ ಹೆಜ್ಜೆ 2022ರದು. ಫ್ರಾನ್ಸಿನ ಮೊಂಪೆಲಿಯೆಯ ಸಿರಾಡ್ ಸಂಸ್ಥೆಯಲ್ಲಿ ಒರೋರ್ ವರ್ನೆ, ಎಮಾನ್ಯುಯೆಲ್ ಗಿಡರ್ಡೋನಿ ಮತ್ತಿತರರು ಮೈಮಿಯ ಕತ್ತರಿಗಳನ್ನೂ ಬೇಬಿ ಬೂಮ್‌ನ ಗುಂಡಿಯನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿ, ಮಾರುಕಟ್ಟೆಯಲ್ಲಿದ್ದ ಒಂದು ಹೈಬ್ರಿಡ್ ಭತ್ತಕ್ಕೆ ಹಾಕಿದರು. ಆಯ್ದ ಗಿಡಗಳಲ್ಲಿ 95 ಪ್ರತಿಶತಕ್ಕಿಂತ ಹೆಚ್ಚು ಬೀಜಗಳು ಪಡಿಯಚ್ಚಾಗಿದ್ದವು. ಕನಿಷ್ಠ ಮೂರು ತಲೆಮಾರುಗಳವರೆಗೆ ಆ ಗುಣ ಉಳಿಯಿತು, ಹೈಬ್ರಿಡ್ಡಿನ ಚಹರೆಯೂ ಬದಲಾಗಲಿಲ್ಲ. ಅದಕ್ಕೂ ಹತ್ತು ವರ್ಷಗಳ ಹಿಂದೆ ಯಾರಾದರೂ ಇದನ್ನು ಮುಂದಾಗಿ ಹೇಳಿದ್ದರೆ ನಂಬುವುದು ಕಷ್ಟವಾಗುತ್ತಿತ್ತು.

ಇತ್ತ ಮನುಷ್ಯ ಪ್ರಯೋಗಾಲಯದಲ್ಲಿ ಜೋಡಿಸುತ್ತಿದ್ದಾಗ, ಅತ್ತ ಗಿಡಗಳು ತಾವಾಗಿ ಏನು ಮಾಡಿಕೊಂಡಿವೆ ಎಂಬ ಗುಟ್ಟೂ ಬಿಚ್ಚಿಕೊಂಡಿತು. ಸಜ್ಜೆಯ ಆ ಕಾಡು ನೆಂಟನ ಹಟಮಾರಿ ತುಂಡಿನೊಳಗಿದ್ದದ್ದು ಬೇಬಿ ಬೂಮ್‌ನ ದಾಯಾದಿ ಜೀನೇ ಎಂದು ಜಾರ್ಜಿಯಾ ವಿಶ್ವವಿದ್ಯಾಲಯದ ಪೆಗಿ ಓಝಿಯಾಸ್-ಏಕಿನ್ಸ್ ತಂಡ 2015ರಲ್ಲಿ ತೋರಿಸಿತು. ಅದನ್ನು ಸಜ್ಜೆಗೆ ಹಾಕಿದಾಗ ಅಂಡ ತಾನಾಗಿ ಮೊಳೆಯಿತು. ಚೀನಾದ ವುಹಾನ್‌ನ ವಿಜ್ಞಾನಿಗಳು 2017ರಲ್ಲಿ ಕಿತ್ತಳೆ ಜಾತಿಯ ಗಿಡಗಳಲ್ಲಿ ಬಹುಭ್ರೂಣಕ್ಕೆ ಕಾರಣವಾದ ಜೀನನ್ನು ಗುರುತಿಸಿದರು. ಒಂದು ಜಿಗಿಯುವ ಡಿಎನ್‌ಎ ತುಣುಕು ಬಂದು ಆ ಜೀನಿನ ಮುಂಬಾಗಿಲಲ್ಲಿ ಕುಳಿತುಬಿಟ್ಟಿದೆ. ಬಹುಭ್ರೂಣದ ಕಿತ್ತಳೆಗಳಲ್ಲಿ ಅದು ಇದೆ, ಚಕ್ಕೋತದಂಥವುಗಳಲ್ಲಿ ಇಲ್ಲ. ಡ್ಯಾಂಡೆಲಿಯನ್‌ನ ಜೀನ್ 2022ರಲ್ಲಿ ನೆದರ್ಲೆಂಡ್ಸ್ ಮತ್ತಿತರ ಕಡೆಯ ಸಂಶೋಧಕರಿಗೆ ಸಿಕ್ಕಿತು. ಅಲ್ಲಿಯೂ ಒಂದು ಜಿಗಿಯುವ ತುಣುಕು ಮುಂಬಾಗಿಲಲ್ಲಿ ಕುಳಿತಿದ್ದು, ಪರಾಗದಲ್ಲಿ ಮಾತಾಡಬೇಕಾದ ಜೀನ್ ಅಂಡಕೋಶದಲ್ಲಿ ಮಾತಾಡುವಂತೆ ಮಾಡಿದೆ. ಮೆಂಡಲ್‌ನನ್ನು ದಾರಿತಪ್ಪಿಸಿದ ಹೈರೇಸಿಯಂನಲ್ಲೂ ಅದೇ ಜೀನಿನ ಮುಂದೆ ಅಂಥದೇ ತುಣುಕು. ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಗಿಡಗಳಲ್ಲಿ, ಒಂದೇ ಬಗೆಯ ಆಕಸ್ಮಿಕ. ಹೊಸ ಜೀನ್ ಯಾವುದೂ ಹುಟ್ಟಲಿಲ್ಲ. ಇದ್ದ ಜೀನ್ ತಪ್ಪು ಜಾಗದಲ್ಲಿ ಬಾಯಿ ಬಿಟ್ಟಿತು, ಅಷ್ಟೇ. ಭತ್ತದಲ್ಲಿ ಸುಂದರೇಶನ್ ತಂಡ ಬೇಕೆಂದು ಮಾಡಿದ್ದೂ ಅದನ್ನೇ. ಈ ಸಂಶೋಧನೆಯಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಸಂಗತಿ ಇದೇ.

ಮೈಮಿಗೆ ಇನ್ನೊಂದು ಉಪಯೋಗವೂ ಸಿಕ್ಕಿದೆ. ಜರ್ಮನಿಯ ಕಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಅಂಡರ್‌ವುಡ್ ತಂಡ 2024ರಲ್ಲಿ ಎರಡು ಬೇರೆ ಹೈಬ್ರಿಡ್ ಟೊಮೆಟೊಗಳ ಮೈಮಿ ಗಿಡಗಳನ್ನು ಕೂಡಿಸಿ, ನಾಲ್ಕು ಅಜ್ಜ ಅಜ್ಜಿಯರ ಆಸ್ತಿಯೂ ಒಂದಿಷ್ಟೂ ಕಳೆಯದೆ ಒಟ್ಟುಗೂಡಿದ ಗಿಡ ಪಡೆಯಿತು. ವರ್ಣತಂತುಗಳು ಇಮ್ಮಡಿಯಾಗುವುದು ಇಲ್ಲಿ ತೊಡಕಲ್ಲ, ಗುರಿಯೇ ಅದು. ಸಹಜವಾಗಿಯೇ ನಾಲ್ಕು ಪ್ರತಿಗಳಿರುವ ಆಲೂಗಡ್ಡೆಯಂಥ ಬೆಳೆಗಳಿಗೆ ಈ ದಾರಿ ಒದಗಬಹುದು.

ಇಷ್ಟಾದರೂ ಪಡಿಯಚ್ಚು ಭತ್ತ ರೈತನ ಕಣಜಕ್ಕೆ ಬರುವ ಮುನ್ನ ದಾಟಬೇಕಾದ ಹೊಳೆಗಳಿವೆ. 95 ಪ್ರತಿಶತ ಪಡಿಯಚ್ಚಾದರೆ ಉಳಿದ ಬೀಜಗಳಲ್ಲಿ ವರ್ಣತಂತು ಇಮ್ಮಡಿಯಾದ ಗಿಡಗಳು ಹುಟ್ಟುತ್ತವೆ. ಪ್ರತಿ ಹಂಗಾಮಿಗೂ ಅವು ಸೇರುತ್ತ ಹೋದರೆ ಗದ್ದೆಯ ಸಮತೆ ಕೆಡುತ್ತದೆ. ಕಾಳು ಕಟ್ಟುವ ಪ್ರಮಾಣ ಎಲ್ಲ ತಳಿಗಳಲ್ಲೂ ಮೂಲ ಹೈಬ್ರಿಡ್ಡಿಗೆ ಸಮನಾಗಬೇಕು. ಬಿಸಿಲು, ಚಳಿ, ನೀರಿನ ಕೊರತೆಯಲ್ಲಿ ಈ ಗುಣ ಅಲುಗದೆ ನಿಲ್ಲುತ್ತದೆಯೇ ಎಂಬುದನ್ನು ಗಾಜಿನಮನೆ ಹೇಳಲಾರದು, ಬಯಲಿನ ಗದ್ದೆಯೇ ಹೇಳಬೇಕು. ಕಾಡುಭತ್ತಕ್ಕೆ ಪರಾಗ ಹಾರಿ ಈ ಗುಣ ಸೇರಿದರೆ ಏನಾದೀತು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಇದೆಲ್ಲಕ್ಕಿಂತ ಗಂಭೀರವಾದದ್ದು ಏಕರೂಪತೆಯ ಅಪಾಯ. ಒಂದು ಬಯಲಿಗೆ ಬಯಲೇ ಒಂದೇ ಗಿಡದ ಪಡಿಯಚ್ಚಾದರೆ, ಒಂದು ರೋಗಕ್ಕೆ ಬೀಗದಕೈ ಸಿಕ್ಕರೆ ಎಲ್ಲ ಬಾಗಿಲೂ ತೆರೆಯುತ್ತದೆ. ಇಂದಿನ ಹೈಬ್ರಿಡ್ಡುಗಳಿಗೂ ಈ ಮಾತು ಅನ್ವಯಿಸುತ್ತದೆ ನಿಜ. ಆದರೆ ಸುಲಭವಾಗಿ ಉಳಿಯುವ ಬೀಜ ಹಳೆಯ ತಳಿಗಳನ್ನು ಇನ್ನೂ ಬೇಗ ಮೂಲೆಗೆ ತಳ್ಳಬಹುದು. ಅದೇ ಬೀಜ ಒಂದು ದೊಡ್ಡ ಹೈಬ್ರಿಡ್ಡಿನ ಬದಲು ಒಂದೊಂದು ಸೀಮೆಯ ಮಣ್ಣಿಗೂ ಒಂದೊಂದು ಹೈಬ್ರಿಡ್ ಮಾಡಿಕೊಳ್ಳಲೂ ಅನುವು ಮಾಡಿಕೊಡುತ್ತದೆ. ರಾಗಿಯನ್ನೇ ತೆಗೆದುಕೊಂಡರೆ, ಅದರ ಹೂವು ಎಷ್ಟು ಚಿಕ್ಕದೆಂದರೆ ಕೈಯಿಂದ ಒಂದು ಸಂಕರ ಮಾಡುವುದೇ ಹರಸಾಹಸ. ಮಂಡ್ಯದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅಂಥ ಸಾಹಸದಿಂದ. ಅವೂ ಸಂಕರದ ನಂತರ ತಲೆಮಾರುಗಳ ಕಾಲ ಆಯ್ದು ನೆಲೆಗೊಳಿಸಿದ ಶುದ್ಧ ತಳಿಗಳು. ಹೈಬ್ರಿಡ್ ರಾಗಿಯ ಬೀಜವನ್ನು ಮೂಟೆಗಟ್ಟಲೆ ಮಾಡಿ ಮಾರುವುದು ಇಂದಿಗೂ ಆಗದ ಕೆಲಸ. ರಾಗಿಗೆ ಅಪೊಮಿಕ್ಸಿಸ್ ಬಂದರೆ ಒಂದೇ ಒಂದು ಒಳ್ಳೆಯ ಸಂಕರದ ಕಾಳಿನಿಂದ ಊರಿಗೆಲ್ಲ ಬೀಜ ಮಾಡಬಹುದು.

ಕಾನೂನಿನ ಕಡೆಯಿಂದ ಭಾರತದಲ್ಲಿ ಎರಡು ದಾರಿಗಳಿವೆ. ಹೊರಗಿನ ಜೀನ್ ಸೇರದೆ, ಇದ್ದ ಜೀನನ್ನೇ ತಿದ್ದಿದ ಬೆಳೆಗಳಿಗೆ ಕುಲಾಂತರಿಗಳಿಗಿರುವ ಕಟ್ಟುಪಾಡುಗಳಲ್ಲಿ ಕೆಲವನ್ನು ಕೇಂದ್ರ ಸರ್ಕಾರ 2022ರಲ್ಲಿ ಸಡಿಲಿಸಿತು. ಹೀಗೆ ತಿದ್ದಿದ ಡಿಆರ್‌ಆರ್ ಧಾನ್ 100 ಮತ್ತು ಪೂಸಾ ಡಿಎಸ್‌ಟಿ ರೈಸ್ 1 ಎಂಬ ಎರಡು ಭತ್ತಗಳನ್ನು 2025ರಲ್ಲಿ ಪ್ರಕಟಿಸಲಾಯಿತು. ಮೈಮಿಯ ಮೂರು ಜೀನುಗಳನ್ನು ನಿಲ್ಲಿಸುವುದು ಇಂಥ ತಿದ್ದುಪಡಿಯೇ. ಬೇಬಿ ಬೂಮ್‌ನ ಮುಂದೆ ಹೊಸ ಗುಂಡಿ ಜೋಡಿಸುವುದು ಮಾತ್ರ, ಈಗ ಮಾಡುತ್ತಿರುವ ರೀತಿಯಲ್ಲಿ, ಕುಲಾಂತರಿಯ ಲೆಕ್ಕಕ್ಕೆ ಬರುತ್ತದೆ. ಡ್ಯಾಂಡೆಲಿಯನ್‌ನ ಜಿಗಿಯುವ ತುಣುಕು ಮಾಡಿದಂತೆ, ಭತ್ತದ ಸ್ವಂತ ಜೀನಿನ ಮುಂಬಾಗಿಲನ್ನಷ್ಟೇ ತಿದ್ದಿ ಅದೇ ಫಲ ಪಡೆಯಬಹುದೇ ಎಂಬ ಪ್ರಶ್ನೆಗೆ ಇಷ್ಟು ತೂಕ ಬಂದಿರುವುದಕ್ಕೆ ಇದೂ ಒಂದು ಕಾರಣ.

ಬೀಜ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಜೀನ್ ಸಿಗುವ ಮೊದಲೇ ಎದ್ದಿತ್ತು. ಇಟಲಿಯ ಬೆಲಾಜಿಯೊದಲ್ಲಿ 1998ರಲ್ಲಿ ನಡೆದ ಸಮಾವೇಶದಲ್ಲಿ ಅಪೊಮಿಕ್ಸಿಸ್ ಸಂಶೋಧಕರು ಒಂದು ಘೋಷಣೆಗೆ ಸಹಿ ಹಾಕಿದರು: ಈ ತಂತ್ರ ಕೆಲವೇ ಕೈಗಳಲ್ಲಿ ಸಿಕ್ಕಿಬೀಳಬಾರದು, ಬಡ ರೈತರಿಗೂ ಸಣ್ಣ ಸಂಸ್ಥೆಗಳಿಗೂ ಎಟಕುವಂತಿರಬೇಕು. ಆ ನಂತರದ ವರ್ಷಗಳಲ್ಲಿ ಈ ಜೀನುಗಳ, ವಿಧಾನಗಳ ಮೇಲೆ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಪೇಟೆಂಟ್ ಕೋರಿವೆ. ಭಾರತದಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ನೋಂದಾಯಿತ ತಳಿಯ ಬೀಜವನ್ನೂ ರೈತ ತನ್ನ ಬೆಳೆಯಿಂದ ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ನೆರೆಯವರೊಂದಿಗೆ ಬದಲಿಸಿಕೊಳ್ಳಲು, ಬ್ರಾಂಡಿನ ಹೆಸರು ಹಾಕದೆ ಮಾರಲು ಹಕ್ಕು ಕೊಟ್ಟಿದೆ. ಹೈಬ್ರಿಡ್ ಬೆಳೆಯುವವನಿಗೆ ಈ ಹಕ್ಕಿನಿಂದ ಇದುವರೆಗೆ ಹೆಚ್ಚಿನ ಪ್ರಯೋಜನವಾಗಿಲ್ಲ, ಏಕೆಂದರೆ ಎತ್ತಿಟ್ಟ ಬೀಜದಲ್ಲಿ ಹುರುಪು ಉಳಿಯುತ್ತಿರಲಿಲ್ಲ. ಪಡಿಯಚ್ಚು ಬೀಜದಲ್ಲಿ ಆ ಹುರುಪು ಉಳಿಯುತ್ತದೆ. ಕಾಯ್ದೆಯ ಆ ಸಾಲು ಹೈಬ್ರಿಡ್ ರೈತನ ಮಟ್ಟಿಗೆ ಮೊದಲ ಬಾರಿಗೆ ಗದ್ದೆಯಲ್ಲಿ ಅರ್ಥ ಪಡೆಯುತ್ತದೆ.